ಬೇಡ ಎಂದವರ ಪುಸ್ತಕ

ಸಾಗರದಿಂದ ದೊಡ್ಡ ಸಿಸ್ಟರ್ ಅವರ ತಂಗಿಯ ಮಗ ಕಾಗದ ಬರೆದಿದ್ದ. ದೊಡ್ಡಮ್ಮ ಹೋದ ವಾರ ತೀರಿಕೊಂಡರು, ನಿಮಗೆ ತಿಳಿಸಬೇಕೆಂದು ಮೊದಲೇ ಹೇಳಿಟ್ಟಿದ್ದರು ಎಂದು. ಓದಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. ಹೆದರಿಕೆ. ಒಲೆಯ ಮೇಲೆ ಹಾಲಿಟ್ಟು ಮರೆತವಳ ಹಾಗೆ ತಟ್ಟನೆ ಎದ್ದು ನಿಂತೆ. ನಾನೂ ನಿವೃತ್ತಳಾಗಿ ಮೊಮ್ಮಕ್ಕಳನ್ನು ಕಂಡವಳು. ಆದರೂ ಅವರ ನೆನಪಾದಾಗಲೆಲ್ಲ ಇವತ್ತು ಏನೋ ಬರೆಯುವುದನ್ನು ಬಿಟ್ಟಿದ್ದೇನೆ ಅನ್ನಿಸಿ ಕೈ ತಣ್ಣಗಾಗುತ್ತದೆ. ಅಳು ಬಂದದ್ದು ಮರುದಿನ.

ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ಅವರಿಗೆ ಹೆದರಿಕೆಯಾಗುತ್ತಿತ್ತು. ನಾವೆಲ್ಲ ದೊಡ್ಡ ಸಿಸ್ಟರ್ ಎಂದು ಕರೆಯುತ್ತಿದ್ದೆವು. ನೋಡಲಿಕ್ಕೆ ದೊಡ್ಡವರೇನಲ್ಲ, ನನ್ನ ಭುಜಕ್ಕೆ ಬರುತ್ತಿದ್ದರು. ನಾನು ಎರಡನೆಯ ನರ್ಸಾದ್ದರಿಂದ ಅವರು ದೊಡ್ಡವರು, ಅಷ್ಟೆ.

ಅರವತ್ತರ ದಶಕದ ನಡುವಿನ ಮಾತಿದು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಏರುತ್ತಾ ಹೊಸನಗರ, ಸಾಗರದ ಕಡೆಯ ಊರುಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮನೆ ಮುಳುಗಿದವರು ಹೊಸ ಜಾಗದಲ್ಲಿ ತಲೆಯ ಮೇಲೊಂದು ಸೂರು ಮಾಡಿಕೊಳ್ಳುವ ತನಕ ಕಾಯಿಲೆಯ ಹಿರಿಯರನ್ನು ಎಲ್ಲಿಡುವುದು? ನಾಲ್ಕು ಜನ ಉಪಕಾರಿಗಳು ಸೇರಿ ಹೊಸನಗರದ ಹೊರಗೆ ಒಂದು ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿಸಿ, ಹದಿನಾಲ್ಕು ಮಂಚ ಹಾಕಿಸಿ, ಆರೈಕೆ ಮನೆ ಎಂದು ಹೆಸರಿಟ್ಟರು. ಎಷ್ಟೇ ಸುಣ್ಣ ಬಳಿದರೂ ಮೂಲೆಗಳಲ್ಲಿ ಸಿಮೆಂಟಿನ ವಾಸನೆ ಹೋಗಿರಲಿಲ್ಲ. ದೊಡ್ಡ ಸಿಸ್ಟರ್, ನಾನು, ಅಡುಗೆಯ ಭಟ್ಟರು ಮತ್ತು ಗುಡಿಸುವ ಒಬ್ಬಾಕೆ, ನಾವು ನಾಲ್ವರು ಅಲ್ಲಿಯ ಕೆಲಸದವರು. ಡಾಕ್ಟರು ಮಂಗಳವಾರ ಮಾತ್ರ ತೀರ್ಥಹಳ್ಳಿಯಿಂದ ಜೀಪಿನಲ್ಲಿ ಬರುತ್ತಿದ್ದರು. ಉಳಿದ ಆರು ದಿನ ದೇವರು ಮತ್ತು ದೊಡ್ಡ ಸಿಸ್ಟರ್.

ನಾನು ಕೋಣಂದೂರಿನ ಹತ್ತಿರದವಳು. ಇಪ್ಪತ್ತಮೂರು ವರ್ಷ, ಶಿವಮೊಗ್ಗದಲ್ಲಿ ತರಬೇತಿ ಮುಗಿಸಿದ್ದೆ, ಇಸ್ತ್ರಿ ಮಾಡಿದ ಟೋಪಿ, ತಲೆ ತುಂಬ ಜಂಬ. ಮೊದಲ ದಿನ ಅವರನ್ನು ಕಂಡು ಮನಸ್ಸಿನಲ್ಲೇ ನಕ್ಕೆ. ಅಷ್ಟು ಹೆದರುವ ಮನುಷ್ಯರನ್ನು ನಾನು ನೋಡಿರಲಿಲ್ಲ. ಮಾತ್ರೆಗಳನ್ನು ಮೂರು ಸಲ ಎಣಿಸುವರು. ಔಷಧದ ಕಪಾಟಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುವರು. ಡಾಕ್ಟರ ಜೀಪಿನ ಸದ್ದು ತಿರುವಿನಲ್ಲಿ ಕೇಳಿದೊಡನೆ ಸೆರಗಿನಿಂದ ಅಂಗೈ ಒರೆಸಿಕೊಳ್ಳುವರು. ಊಟವನ್ನು ಕೂತು ಮಾಡಿದ್ದು ನನಗೆ ನೆನಪಿಲ್ಲ, ತಟ್ಟೆ ಕೈಯಲ್ಲಿ ಹಿಡಿದು ಕಣ್ಣನ್ನು ವಾರ್ಡಿನ ಮೇಲಿಟ್ಟು ನಿಂತೇ ಉಣ್ಣುತ್ತಿದ್ದರು. ನಾಡಿ ನೋಡುವಾಗ ಅವರ ಬೆರಳು ಎಷ್ಟು ತಣ್ಣಗಿರುತ್ತಿತ್ತೆಂದರೆ ಮುದುಕರು ಗೊಣಗುತ್ತಿದ್ದರು. ಅದಕ್ಕೆ ಮೊದಲು ಒಲೆಯ ಹತ್ತಿರ ಹೋಗಿ ಕೈ ಕಾಯಿಸಿಕೊಂಡು ಬರುತ್ತಿದ್ದರು.

ಅವರ ಹತ್ತಿರ ಒಂದು ಉದ್ದನೆಯ ಪುಸ್ತಕವಿತ್ತು. ಯಾರೂ ಇಡಲು ಹೇಳಿದ್ದಲ್ಲ. ಔಷಧ ಬೇಡ ಎಂದವರ ವಿಷಯ ಮಾತ್ರ ಅದರಲ್ಲಿ ಬರೆಯುವುದು. ಭಟ್ಟರು ಅದಕ್ಕೆ ‘ಬೇಡ ಪುಸ್ತಕ’ ಎಂದು ಹೆಸರಿಟ್ಟಿದ್ದರು. ನಾನು ಒಂದು ದಿನ ಅದರಲ್ಲಿ ಜಾಣತನದಿಂದ ‘ನಿರಾಕರಿಸಿದರು’ ಎಂದು ಒಂದೇ ಪದ ಬರೆದು ಸಹಿ ಹಾಕಿದೆ. ಶಿವಮೊಗ್ಗದಲ್ಲಿ ಹಾಗೇ ಕಲಿಸಿದ್ದರು. ದೊಡ್ಡ ಸಿಸ್ಟರ್ ಅದನ್ನು ಓದಿ ನನ್ನನ್ನು ಕರೆದರು.

"ಬೇಡ ಅಂದ್ರು ಅಂತ ಬರೀಬೇಡ. ಹೆಂಗೆ ಬೇಡ ಅಂದ್ರು, ಅದನ್ನ ಬರಿ. ಆಮೇಲೆ ಏನೇನು ಬದ್ಲಾಯ್ತು, ಅದನ್ನೂ ಬರಿ," ಎಂದರು.

ಹೇಗೆ ಎಂದರೆ ಹೇಗೆ? ಯಾವ ಕೈಯಿಂದ ತಳ್ಳಿದರು, ಕಣ್ಣು ನೋಡಿ ಹೇಳಿದರೋ ಗೋಡೆ ನೋಡಿಯೋ, ಬಾಯಿ ತೆರೆದು ಹೇಳಿದರೋ ತುಟಿ ಬಿಗಿದೋ. ಆಮೇಲೆ ನೀರು ಕುಡಿದರೋ ಇಲ್ಲವೋ. ಅವತ್ತು ಯಾರನ್ನು ಬೈದರು, ಯಾರನ್ನು ಬೈಯಲಿಲ್ಲ. ನಾಲ್ಕನೇ ಮಂಚದ ಅಜ್ಜಿ ಮೂರು ದಿನದಿಂದ ಟವೆಲಿನ ಸಲುವಾಗಿ ಐದನೇ ಮಂಚದವರ ಹತ್ತಿರ ಜಗಳ ಆಡಿಲ್ಲ ಎಂದು ಅವರು ಬರೆದದ್ದನ್ನು ಓದಿ ನಾನು ಭಟ್ಟರ ಮುಂದೆ ಹೇಳಿ ನಗಾಡಿದ್ದೆ. ನಾಲ್ಕನೇ ದಿನ ಅಜ್ಜಿಗೆ ಜ್ವರ ನೂರಾ ಮೂರಕ್ಕೆ ಏರಿತು. ಡಾಕ್ಟರು ಬಂದು ಶ್ವಾಸಕೋಶದಲ್ಲಿ ನೀರಿದೆ ಎಂದರು. ಅಂದಿನಿಂದ ನಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಹುಂಚದ ಕಡೆಯ ಒಬ್ಬ ಅಜ್ಜ ಇದ್ದರು. ಜೈನರು, ಮಾತು ಮೆಲ್ಲಗೆ. ಬೆಳಗಿನ ಮಾತ್ರೆ ಸುಮ್ಮನೆ ನುಂಗುವರು, ಸಂಜೆಯದಕ್ಕೆ ಮಾತ್ರ ಕೈಮುಗಿದು ಬೇಡ ಅನ್ನುವರು. ನನಗಿಂತ ಮೊದಲಿದ್ದ ನರ್ಸು ‘ಸಂಜೆ ಹಟ ಮಾಡುತ್ತಾರೆ’ ಎಂದು ತಿಂಗಳುಗಟ್ಟಲೆ ಬರೆದಿದ್ದಳು. ದೊಡ್ಡ ಸಿಸ್ಟರ್ ಪುಸ್ತಕದಲ್ಲಿ ದಿನದಿನವೂ ಒಂದೇ ಸಾಲು ಬರೆದಿದ್ದರು, ಕೈಮುಗಿಯುವ ಮೊದಲು ಕಿಟಕಿ ನೋಡಿದರು ಎಂದು. ಹತ್ತು ಹದಿನೈದು ಸಲ ಬರೆದ ಮೇಲೆ ತಾವೂ ಆ ಕಿಟಕಿ ನೋಡಿದರು. ಸೂರ್ಯ ಮುಳುಗಿದ್ದ. ಸೂರ್ಯ ಮುಳುಗಿದ ಮೇಲೆ ಏನನ್ನೂ ಬಾಯಿಗೆ ಹಾಕದ ಮನೆತನ ಅವರದು. ಕೇಳಿದರೆ ಹೇಳುತ್ತಿದ್ದರೋ ಏನೋ, ಯಾರೂ ಕೇಳಿರಲಿಲ್ಲ. ಮಾತ್ರೆ ಐದೂವರೆಗೆ ಬಂತು, ಅಜ್ಜ ನುಂಗಿದರು, ಮುಗಿಯಿತು.

ಹೀಗಿದ್ದವರ ಕಣ್ಣೆದುರೇ ನಾನು ಸುಳ್ಳು ಬರೆದೆ. ಇನ್ನು ಹೇಳಬೇಕಾದದ್ದು ಅದನ್ನೇ.

ಆರನೇ ಮಂಚಕ್ಕೆ ಒಬ್ಬ ಅಮ್ಮಮ್ಮ ಬಂದರು. ಸಾಗರದ ಕಡೆಯವರು, ಊರು ನೀರಿನಡಿ ಹೋಗಿತ್ತು. ಮಗ ದೂರದಲ್ಲಿ ಸರ್ಕಾರ ಕೊಟ್ಟ ಜಾಗದಲ್ಲಿ ಬಿದಿರು ಕಡಿದು ಬೇಲಿ ಹಾಕುತ್ತಿದ್ದ, ತಿಂಗಳಿಗೊಮ್ಮೆ ಬಂದು ತಾಯಿಯ ಕಾಲು ಹಿಡಿದು ಅತ್ತು ಹೋಗುತ್ತಿದ್ದ. ಅಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಎಡಗಾಲಿನ ಕಿರುಬೆರಳ ಹತ್ತಿರ ಒಂದು ಹುಣ್ಣು. ಆ ಕಾಲದಲ್ಲಿ ಸಕ್ಕರೆಗೆ ಮಾತ್ರೆ ಹೊಸದಾಗಿ ಬಂದಿತ್ತು. ಡಾಕ್ಟರು ಬೆಳಿಗ್ಗೆ ಒಂದು ಮಾತ್ರೆ ಎಂದು ಬರೆದುಕೊಟ್ಟು, ಸಿಹಿ ಬಿಟ್ಟು ಬೇರೆ ಏನು ಬೇಕಾದರೂ ಹೊಟ್ಟೆ ತುಂಬ ತಿನ್ನಿ ಎಂದು ಹೇಳಿ ಹೋದರು. ಕೆಲಸ ಕೆಟ್ಟದ್ದು ಅಲ್ಲಿಯೇ.

ಮರುದಿನ ನಾನು ಮಾತ್ರೆ ಹಿಡಿದು ಹೋದಾಗ ಅಮ್ಮಮ್ಮ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಇದಕ್ಕೆ ಪಥ್ಯ ಏನು ಎಂದು ಕೇಳಿದರು. ಏನೂ ಇಲ್ಲ ಅಂದೆ.

"ಪಥ್ಯ ಇಲ್ಲೆ ಅಂದ್ರೆ ಅದೆಂತಾ ಮದ್ದು ಕೂಸೆ? ಎಂಗೆ ಬ್ಯಾಡ," ಎಂದು ಮಾತ್ರೆಯನ್ನು ನನ್ನ ಕೈಗೇ ವಾಪಸು ಇಟ್ಟರು.

ಅವರ ಊರಿನಲ್ಲಿ ಒಬ್ಬ ಪಂಡಿತರಿದ್ದರಂತೆ. ಬದನೆ ಬಿಡಿಸಿ, ಹುಳಿ ಬಿಡಿಸಿ, ಉಪ್ಪು ಬಿಡಿಸಿ ಆಮೇಲೆ ಬೇರು ತೇಯ್ದು ಕೊಡುತ್ತಿದ್ದರು. ಊರು ಮುಳುಗಿದ ಮೇಲೆ ಆ ಪಂಡಿತರು ಯಾವ ಕಡೆ ಹೋದರೋ ಗೊತ್ತಿಲ್ಲ. ಹತ್ತು ದಿನ ಅಮ್ಮಮ್ಮ ಮಾತ್ರೆ ಮುಟ್ಟಲಿಲ್ಲ. ದೊಡ್ಡ ಸಿಸ್ಟರ್ ಪುಸ್ತಕ ತುಂಬುತ್ತಾ ಬಂತು. ಬಾಯಾರಿಕೆ, ರಾತ್ರಿ ಏಳು ಸಲ ಎದ್ದದ್ದು, ಮೂತ್ರದ ಪಾತ್ರೆಗೆ ಇರುವೆ ಬಂದದ್ದು, ಹುಣ್ಣಿನ ಅಂಚು ಅಕ್ಕಿ ಕಾಳಿನಷ್ಟು ಸರಿದದ್ದು. ಮೂತ್ರಕ್ಕೆ ನೀಲಿ ದ್ರಾವಣ ಹಾಕಿ ಸ್ಪಿರಿಟ್ ದೀಪದಲ್ಲಿ ಕಾಯಿಸಿದರೆ ಸಕ್ಕರೆ ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ, ಇದ್ದರೆ ಹಸಿರಾಗಿ, ಹಳದಿಯಾಗಿ, ಬಹಳ ಇದ್ದರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ದಿನವೂ ಇಟ್ಟಿಗೆಯೇ. ದೊಡ್ಡ ಸಿಸ್ಟರ್ ಆ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದಾಗ ಅವರ ಕೈ ನಡುಗುವುದು ಕಾಣುತ್ತಿತ್ತು.

ನನಗೆ ಆ ನಡುಗುವಿಕೆ ನೋಡಿ ರೇಗುತ್ತಿತ್ತು. ಒಂದು ಪಥ್ಯ ತಾನೇ ಬೇಕಾದ್ದು, ಕೊಟ್ಟರಾಯಿತು ಅಂದುಕೊಂಡೆ. ನಮ್ಮೂರ ಪಂಡಿತರು ಹೇಳುತ್ತಿದ್ದುದನ್ನು ಚಿಕ್ಕಂದಿನಿಂದ ಕೇಳಿದವಳು ನಾನು. ದೊಡ್ಡ ಸಿಸ್ಟರ್ ಬಟ್ಟೆ ಒಗೆಯಲು ಹೋಗಿದ್ದಾಗ ಅಮ್ಮಮ್ಮನ ಕಿವಿಯ ಹತ್ತಿರ ಕೂತು, ದನಿ ತಗ್ಗಿಸಿ, ಡಾಕ್ಟರು ಎಲ್ಲರಿಗೂ ಹೇಳುವುದಿಲ್ಲ, ಪಥ್ಯ ಇದೆ ಎಂದು ಶುರು ಮಾಡಿದೆ. ಹುಣಸೆ ಕೂಡದು, ಬದನೆ ಕೂಡದು, ಕುಂಬಳ ಕೂಡದು, ಒಂದು ಮಂಡಲ, ನಲವತ್ತೆಂಟು ದಿನ. ಅಮ್ಮಮ್ಮನ ಮುಖ ಅರಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಥ್ಯ ಸ್ವಲ್ಪ ಹಗುರವಾಯಿತು ಅನ್ನಿಸಿ, ಇನ್ನಷ್ಟು ಗಟ್ಟಿಯಾಗಲಿ ಎಂದು, ಮಾತ್ರೆ ನುಂಗಿದ ಮೇಲೆ ಸೂರ್ಯ ನೆತ್ತಿಗೆ ಬರುವ ತನಕ ಬಾಯಿಗೆ ಏನೂ ಹಾಕಬಾರದು ಎಂದು ಸೇರಿಸಿಬಿಟ್ಟೆ. ರಕ್ತದ ಸಕ್ಕರೆಯನ್ನು ಇಳಿಸುವ ಮಾತ್ರೆಯ ಮೇಲೆ ಉಪವಾಸ ಕೂರಿಸಬಾರದು ಎಂದು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು. ಆ ಗಳಿಗೆಯಲ್ಲಿ ಅದು ನೆನಪಿಗೂ ಬರಲಿಲ್ಲ.

ಅಮ್ಮಮ್ಮ ಮಾತ್ರೆ ನುಂಗಿದರು. ವಾರದೊಳಗೆ ಇಟ್ಟಿಗೆ ಹಳದಿಯಾಯಿತು, ಹಳದಿ ಹಸಿರಾಯಿತು. ಹುಣ್ಣಿನ ಅಂಚು ಒಣಗಿತು. ಡಾಕ್ಟರು ಮಂಗಳವಾರ ಬಂದು ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ.

ಬೆಳಗಿನ ತಿಂಡಿ ಹಂಚುವುದು, ಯಾರು ಎಷ್ಟು ತಿಂದರೆಂದು ಬರೆಯುವುದು ನನ್ನ ಪಾಲಿನ ಕೆಲಸ. ಅಮ್ಮಮ್ಮ ತಟ್ಟೆ ಮುಟ್ಟುತ್ತಿರಲಿಲ್ಲ. ತಟ್ಟೆ ತುಂಬಿ ವಾಪಸು ಹೋದರೆ ಭಟ್ಟರು ದೊಡ್ಡ ಸಿಸ್ಟರಿಗೆ ಹೇಳುತ್ತಾರೆ, ನನ್ನ ಪಥ್ಯ ಬಯಲಾಗುತ್ತದೆ. ಹಾಗಾಗಿ ಆ ತಿಂಡಿಯನ್ನು ನಾನು ಹಾಸಿಗೆ ಬಟ್ಟೆಯ ಕೋಣೆಗೆ ಒಯ್ದು ತಿನ್ನುತ್ತಿದ್ದೆ. ದೋಸೆಯಾದರೆ ದೋಸೆ, ಅವಲಕ್ಕಿಯಾದರೆ ಅವಲಕ್ಕಿ. ಹಸಿವೆಯ ವಯಸ್ಸು, ರುಚಿಯಾಗಿಯೇ ಇರುತ್ತಿತ್ತು. ಖಾಲಿ ತಟ್ಟೆ ಇಟ್ಟು ಬಂದು ಊಟದ ಪುಸ್ತಕದಲ್ಲಿ ‘ಪೂರ್ತಿ ತಿಂದರು’ ಎಂದು ಬರೆಯುತ್ತಿದ್ದೆ.

ಎರಡನೇ ವಾರದಿಂದ ದೊಡ್ಡ ಸಿಸ್ಟರ್ ಬರೆಯುವ ಸಾಲುಗಳು ಬೇರೆಯಾದವು. ಅಮ್ಮಮ್ಮ ಈಗ ಬೇಡ ಎಂದವರಲ್ಲ, ಆದರೂ ಅವರ ಪುಟವನ್ನು ಇವರು ಮುಚ್ಚಿರಲಿಲ್ಲ. ಹನ್ನೊಂದು ಗಂಟೆಗೆ ಮೇಲ್ದುಟಿಯಲ್ಲಿ ಬೆವರು. ಹನ್ನೊಂದು ಗಂಟೆಗೆ ಇವತ್ತು ಯಾವ ವಾರ ಎಂದು ಎರಡು ಸಲ ಕೇಳಿದರು. ಹನ್ನೊಂದೂ ಕಾಲಿಗೆ ಸಿಸ್ಟರನ್ನು ಸೊಸೆಯ ಹೆಸರಿನಿಂದ ಕರೆದು ಬೈದರು, ಊಟವಾದ ಮೇಲೆ ನೆನಪಿಲ್ಲ ಎಂದರು. ಮೂತ್ರ ನೀಲಿ. ನೀಲಿ. ನೀಲಿ. ನಾನು ಅವರ ಬೆನ್ನ ಹಿಂದೆ ನಿಂತು ಅದನ್ನೆಲ್ಲ ಓದಿದೆ. ಸಕ್ಕರೆ ತೀರ ಇಳಿಯುತ್ತಿದೆ ಎಂಬ ಅದರ ಅರ್ಥ ನನಗೆ ಆಗ ಹೊಳೆಯಿತು.

ಅವತ್ತೇ ಹೇಳಬಹುದಿತ್ತು. ದೊಡ್ಡ ಸಿಸ್ಟರ್ ತಾವಾಗಿಯೇ ಕೇಳಿದರು ಕೂಡ, ಆರನೆಯವರು ಬೆಳಿಗ್ಗೆ ಸರಿಯಾಗಿ ತಿಂತಾರಾ ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ನಾನು ಸೆರಗಿನಿಂದ ಬಾಯಿ ಒರೆಸಿಕೊಂಡು, ತಿಂತಾರೆ ಸಿಸ್ಟರ್, ಬರೆದಿದ್ದೀನಲ್ಲ ಅಂದೆ. ಕೆಲಸ ಹೋಗುತ್ತದೆ, ಊರಿಗೆ ಹೋಗಿ ಯಾವ ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿ. ಅಮ್ಮಮ್ಮನಿಗೆ ಗುಟ್ಟಾಗಿ ಬೆಲ್ಲದ ನೀರು ಕೊಡಲು ನೋಡಿದೆ. ಪಥ್ಯ ಹೇಳಿದವಳೇ ಪಥ್ಯ ಕೆಡಿಸುತ್ತೀಯಾ ಎಂದು ಗದರಿಸಿ ಕಳಿಸಿದರು. ಮಾತ್ರೆಯನ್ನು ಅರ್ಧ ಮಾಡಿ ಕೊಟ್ಟೆ. ಇನ್ನರ್ಧ ಎಲ್ಲಿ ಎಂದು ಕೇಳಿ ಇಸಿದುಕೊಂಡು ನುಂಗಿದರು. ಮೂರು ದಿನ ನಾನು ಬೆಳಗಾದರೆ ಸಾಕು, ಗಡಿಯಾರವನ್ನೇ ನೋಡುತ್ತಿದ್ದೆ. ಹನ್ನೆರಡು ಹೊಡೆದು ಅಮ್ಮಮ್ಮ ಮೊದಲ ತುತ್ತು ಬಾಯಿಗಿಟ್ಟಾಗ ಉಸಿರು ಬಿಡುತ್ತಿದ್ದೆ.

ಗುರುವಾರ ಹನ್ನೊಂದೂವರೆಗೆ ಅಮ್ಮಮ್ಮ ಮಂಚದಿಂದ ಜಾರಿ ಬಿದ್ದರು. ಮೈಯೆಲ್ಲ ಬೆವರು, ಹಲ್ಲು ಕಚ್ಚಿದ್ದರು, ಕರೆದರೆ ಓಗೊಡಲಿಲ್ಲ. ಡಾಕ್ಟರಿಗೆ ಹೇಳಿಕಳಿಸಿದರೂ ಅವರು ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ದೊಡ್ಡ ಸಿಸ್ಟರ್ ನೆಲದಲ್ಲಿ ಕೂತು ಅಮ್ಮಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಸಕ್ಕರೆ ಹೆಚ್ಚಾಗಿಯೂ ಹೀಗೆ ಬೀಳುತ್ತಾರೆ, ಇಳಿದೂ ಬೀಳುತ್ತಾರೆ, ಮಿದುಳಿಗೆ ಏಟಾಗಿಯೂ ಬೀಳುತ್ತಾರೆ. ಇಳಿದಿದ್ದರೆ ಸಕ್ಕರೆಯೇ ಔಷಧ, ತಡವಾದರೆ ಪ್ರಾಣ ಹೋಗುತ್ತದೆ. ಏರಿದ್ದರೆ ಅದೇ ಸಕ್ಕರೆ ಗಾಯದ ಮೇಲೆ ಬರೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಪೂರ್ತಿ ತಿಂದಿದಾರೆ ಅಂತ ಪುಸ್ತಕ ಹೇಳ್ತದೆ. ಪುಸ್ತಕ ನಿಜವಾ?"

ಆ ಪ್ರಶ್ನೆಯ ಮುಂದೆ ನಿಂತಷ್ಟು ಹೆದರಿಕೆ ನನಗೆ ಮುಂದೆ ಹೆರಿಗೆಯಲ್ಲೂ ಆಗಲಿಲ್ಲ, ಗಂಡನ ಕೊನೆಯ ಕಾಯಿಲೆಯಲ್ಲೂ ಆಗಲಿಲ್ಲ. ನಾನೂ ನೆಲಕ್ಕೆ ಕೂತೆ.

"ನಾನು ತಿಂದೆ ಸಿಸ್ಟರ್," ಅಂದೆ.

ಅವರು ಬೈಯಲಿಲ್ಲ. ಭಟ್ಟರಿಗೆ ಸಕ್ಕರೆ ತರಲು ಹೇಳಿ, ಅಮ್ಮಮ್ಮನನ್ನು ಮಗ್ಗುಲಿಗೆ ಹೊರಳಿಸಿ, ನೀರಿನಲ್ಲಿ ಕಲಸಿದ ಸಕ್ಕರೆಯನ್ನು ಬೆರಳಿನಿಂದ ಒಸಡಿಗೆ ತಿಕ್ಕತೊಡಗಿದರು. ಉಸಿರಿಗೆ ಹೋಗದಂತೆ ಒಂದೊಂದೇ ಚಿಟಿಕೆ. ನಡುಗುವ ಆ ಕೈ ಅವತ್ತು ನಡುಗಲಿಲ್ಲ. ಅವರ ಬಾಯಿ ಮಾತ್ರ ಏನೋ ಪಿಟಿಪಿಟಿ ಅನ್ನುತ್ತಿತ್ತು, ದೇವರೋ ಎಣಿಕೆಯೋ ತಿಳಿಯಲಿಲ್ಲ. ಎಷ್ಟು ಹೊತ್ತೋ, ನನಗೆ ಒಂದು ಯುಗ. ಕೊನೆಗೆ ಅಮ್ಮಮ್ಮನ ನಾಲಿಗೆ ಹೊರಬಂದು ತುಟಿ ನೆಕ್ಕಿತು. ಕಣ್ಣು ಬಿಟ್ಟರು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಅಮ್ಮಮ್ಮ ಬಾಯಿ ಚಪ್ಪರಿಸಿ ನಮ್ಮಿಬ್ಬರನ್ನೂ ನೋಡಿದರು. "ಬಾಯಿ ಸೀ ಇದ್ದು. ಎಂತ ಕೊಟ್ರಿ ಎಂಗೆ?" ಎಂದು ಕೇಳಿದರು. ಸಕ್ಕರೆ ಎಂದು ತಿಳಿದಾಗ ಮುಖ ಗೋಡೆಗೆ ತಿರುಗಿಸಿದರು. "ಪಥ್ಯ ಮುರದ್ರಿ. ಇನ್ನು ಆ ಮದ್ದು ವಿಷ."

ಪ್ರಾಣ ಉಳಿಯಿತು ಅಂದುಕೊಂಡದ್ದು ತಪ್ಪಾಯಿತು. ಮರುದಿನದಿಂದ ಅಮ್ಮಮ್ಮ ಮಾತ್ರೆಯಿರಲಿ, ಇನ್ಸುಲಿನ್ ಸೂಜಿಯನ್ನೂ ಹತ್ತಿರ ಬಿಡಲಿಲ್ಲ. ಪಥ್ಯ ಮುರಿದ ಮೇಲೆ ಅದೇ ಔಷಧ ಮೈಗೆ ಹೊರಳಿ ಕೊಲ್ಲುತ್ತದೆ ಎಂಬುದು ಅವರ ಕಡೆಯಲ್ಲಿ ಹಾಲು ಬಿಳಿ ಎಂಬಷ್ಟು ಗಟ್ಟಿ. ನಮ್ಮ ಮನೆಯಲ್ಲೂ ಹಾಗೇ ನಂಬುತ್ತಿದ್ದರು. ನನಗೆ ಗೊತ್ತಿದ್ದ ಮಾತೇ, ಗೊತ್ತಿದ್ದೇ ಆಟವಾಡಿದ್ದೆ.

ಅಮ್ಮಮ್ಮ ಬಿದ್ದ ದಿನ ಮಧ್ಯಾಹ್ನವೇ ದೊಡ್ಡ ಸಿಸ್ಟರ್ ಬೇಡ ಪುಸ್ತಕವನ್ನೂ ಪೆನ್ನನ್ನೂ ನನ್ನ ಮುಂದಿಟ್ಟರು. ನಾನು ಎಲ್ಲವನ್ನೂ ಬರೆದೆ, ಯಾವ ದಿನ ಯಾವ ತಿಂಡಿ ತಿಂದೆ ಎಂಬುದನ್ನೂ ಬಿಡದೆ. ಬರೆಯುತ್ತಿರುವಾಗ ಅವರು ಪಕ್ಕದಲ್ಲಿ ಕೂತು, ನನ್ನನ್ನು ನೋಡದೆ ತಮ್ಮ ಕತೆ ಹೇಳಿದರು. ಬಹಳ ಹಿಂದೆ, ಬೇರೆ ಊರಿನಲ್ಲಿ, ಕಾಲಿಗೆ ಮೊಳೆ ಚುಚ್ಚಿದ್ದ ಒಬ್ಬ ಕೂಲಿಯಾಳು ಇವರ ವಾರ್ಡಿನಲ್ಲಿದ್ದನಂತೆ. ಔಷಧ ಕೊಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡಲಿಲ್ಲ, ಹಟ ಎಂದು ಇವರು ಎರಡು ದಿನ ಬರೆದರು. ಬೇಡ ಎಂದದ್ದಲ್ಲ, ಬಿಡಲಾಗದೇ ಹೋದದ್ದು. ದವಡೆ ಬಿಗಿದಿತ್ತು, ಧನುರ್ವಾಯು. ಮೂರನೇ ದಿನ ಬೆನ್ನು ಬಿಲ್ಲಾಗಿ ಹೋದ.

"ಅವ್ನು ನನ್ನೇ ನೋಡ್ತಿದ್ದ. ಕಣ್ಣಲ್ಲಿ ಬೇಡ ಅಂತ ಇರ್ಲಿಲ್ಲ. ನಾ ಕಣ್ಣು ನೋಡಿರ್ಲಿಲ್ಲ," ಎಂದರು. ಆಮೇಲೆ ಎದ್ದು ಹೋಗಿ ಬೀಗ ಎಳೆದು ನೋಡಿದರು.

ಮಂಗಳವಾರ ಡಾಕ್ಟರಿಗೆ ಆ ಪುಟವನ್ನು ಅವರೇ ಓದಿ ಹೇಳಿದರು. ಡಾಕ್ಟರು ಕೆಂಡವಾದರು. ಇವಳನ್ನು ತೆಗೆದುಹಾಕಲು ಇವತ್ತೇ ಕಾಗದ ಬರೆಯುತ್ತೇನೆ ಎಂದರು. ಜೀಪಿನ ಸದ್ದಿಗೇ ಬೆವರುತ್ತಿದ್ದ ದೊಡ್ಡ ಸಿಸ್ಟರ್, ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬರೆಯುವುದಾದರೆ ಎರಡು ಕಾಗದ ಬರೆಯಿರಿ, ಸುಳ್ಳು ಬರೆದವಳದೊಂದು, ಕಣ್ಣಿನಿಂದ ನೋಡದೆ ನಂಬಿದವಳದೊಂದು ಎಂದರು. ಡಾಕ್ಟರು ಕಾಗದದ ಮಾತು ಬಿಟ್ಟು ಅಮ್ಮಮ್ಮನ ಕಾಲಿನ ಕಟ್ಟು ಬಿಚ್ಚಲು ಹೇಳಿದರು. ಹುಣ್ಣು ಮತ್ತೆ ಹಸಿಯಾಗಿತ್ತು. ಕಿರುಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಊಟದ ಜೊತೆ ಅರ್ಧ ಮಾತ್ರೆ ಹೋಗಲೇಬೇಕು, ಇಲ್ಲದಿದ್ದರೆ ಕಾಲು, ಆಮೇಲೆ ಜೀವ ಎಂದರು. ಕೈ ಹಿಡಿದುಕೊಂಡು ಚುಚ್ಚೋಣವೇ ಎಂದೂ ಕೇಳಿದರು. ಹಿಡಿದು ಚುಚ್ಚಿದರೆ ನಾಳೆ ಅನ್ನವನ್ನೂ ಬೇಡ ಅನ್ನುತ್ತಾರೆ ಎಂದು ದೊಡ್ಡ ಸಿಸ್ಟರ್ ತಲೆಯಾಡಿಸಿದರು.

ನಾನು ಅಮ್ಮಮ್ಮನ ಮಂಚದ ಬುಡದಲ್ಲಿ ಕೂತು, ಆ ಪಥ್ಯ ನಾನು ಕಟ್ಟಿದ್ದು, ಡಾಕ್ಟರು ಹೇಳಿದ್ದಲ್ಲ, ದಮ್ಮಯ್ಯ ಮಾತ್ರೆ ತಗೊಳ್ಳಿ ಎಂದು ಬೇಡಿಕೊಂಡೆ. ಅಮ್ಮಮ್ಮ ನಕ್ಕರು. ಅವತ್ತು ನೀನು ನಿಜ ಹೇಳಿದ್ದೆ, ಈಗ ನನ್ನ ಬಾಯಿಗೆ ಮಾತ್ರೆ ಹಾಕಲು ಸುಳ್ಳು ಹೇಳುತ್ತಿದ್ದೀ ಎಂದರು. ನಾನು ಎದ್ದು ಬಂದು ಹಾಸಿಗೆ ಬಟ್ಟೆಯ ಕೋಣೆಯಲ್ಲಿ ನಿಂತೆ. ಇನ್ನು ಅಮ್ಮಮ್ಮ ಸಾಯುತ್ತಾರೆ, ಕೊಂದವಳು ನಾನು ಎಂದು ಖಂಡಿತವಾಗಿ ಗೊತ್ತಾಯಿತು.

ಐದು ದಿನ ದೊಡ್ಡ ಸಿಸ್ಟರ್ ಆ ಬೆರಳನ್ನು ಬರೆದರು. ನೇರಳೆ. ನೇರಳೆಯ ಅಂಚಿನಲ್ಲಿ ಕಪ್ಪು. ಮುಟ್ಟಿದರೆ ಗೊತ್ತಾಗುತ್ತಿಲ್ಲ. ವಾಸನೆ. ಆರನೇ ದಿನ ಬೆಳಿಗ್ಗೆ ಒಲೆಯಲ್ಲಿ ಕೈ ಕಾಯಿಸಿಕೊಂಡು ಬಂದು ಅಮ್ಮಮ್ಮನ ಪಕ್ಕ ಮಂಚದ ಮೇಲೇ ಕೂತರು. ಅದಕ್ಕೆ ಮೊದಲು ನಾನು ದೊಡ್ಡ ಸಿಸ್ಟರ್ ಅವರ ಕಾಲಿಗೆ ಬೀಳುವಂತೆ ಕೇಳಿದ್ದೆ, ನೀವೇ ಒಂದು ಹೊಸ ಪಥ್ಯ ಹೇಳಿ, ನಿಮ್ಮ ಮಾತು ನಂಬುತ್ತಾರೆ ಎಂದು. ಸುಳ್ಳು ಹೇಳಲು ನನಗೆ ಧೈರ್ಯ ಇಲ್ಲ ಎಂದಿದ್ದರು. ಈಗ ಅವರು ಅಮ್ಮಮ್ಮನಿಗೆ ಪಥ್ಯದ ಮಾತೇ ಎತ್ತದೆ, ಮೊಲೆ ಕುಡಿಯುವ ಮಗುವಿಗೆ ಔಷಧ ಕೊಟ್ಟರೆ ನಿಮ್ಮ ಕಡೆ ಏನು ಮಾಡುತ್ತಾರೆ ಎಂದು ಕೇಳಿದರು.

ಪಥ್ಯವನ್ನು ತಾಯಿ ಹಿಡಿಯುತ್ತಾಳೆ ಎಂದರು ಅಮ್ಮಮ್ಮ. ಇದೂ ಗೊತ್ತಿಲ್ಲವಾ ಎಂಬ ಹಾಗೆ.

ಮಗುವಿಗೆ ಹಿಡಿಯಲಾಗದ್ದನ್ನು ಬೇರೆಯವರು ಹಿಡಿದರೆ ಔಷಧ ಹತ್ತುತ್ತದೆ ಅಂತಾಯಿತು, ನಿಮಗೂ ಈಗ ಉಪವಾಸ ಹಿಡಿಯುವ ಶಕ್ತಿ ಇಲ್ಲ, ನೀವು ಮೂರು ಹೊತ್ತು ಉಂಡು ಮಾತ್ರೆ ತಗೊಳ್ಳಿ, ನಿಮ್ಮ ಬದಲಿಗೆ ನಾನು ಹಿಡಿಯುತ್ತೇನೆ ಎಂದರು ದೊಡ್ಡ ಸಿಸ್ಟರ್. ಅಮ್ಮಮ್ಮ ಸೂರಿನ ಹಂಚು ನೋಡುತ್ತಾ ಯೋಚಿಸಿದರು. ಆಮೇಲೆ ಕೈಯೆತ್ತಿ ಕಾಲಿನ ಬುಡದಲ್ಲಿ ನಿಂತಿದ್ದ ನನ್ನನ್ನು ತೋರಿಸಿದರು.

"ನೀವು ಬ್ಯಾಡ. ಈ ಕೂಸು ಹಿಡೀಲಿ. ಆ ಬಾಯಿಗೇ ಪಥ್ಯ ಬೇಕಾದ್ದು."

ಮಾಡಿದ್ದುಣ್ಣೋ ಮಹಾರಾಯ. ಅವತ್ತಿನಿಂದ ಒಂದು ಮಂಡಲ, ನನ್ನ ಪಥ್ಯವನ್ನು ನಾನು ಉಂಡೆ. ಹುಣಸೆ ಇಲ್ಲ, ಬದನೆ ಇಲ್ಲ, ಕುಂಬಳ ಇಲ್ಲ. ಅಮ್ಮಮ್ಮ ಬೆಳಿಗ್ಗೆ ನನ್ನ ಕಣ್ಣೆದುರು ದೋಸೆ ತಿಂದು ಅರ್ಧ ಮಾತ್ರೆ ನುಂಗುವರು. ಸೂರ್ಯ ನೆತ್ತಿಗೆ ಬರುವ ತನಕ ನನ್ನನ್ನು ಕಣ್ಣಿನ ಅಂಚಿನಲ್ಲಿ ಕಾಯುವರು. ಬಾಯಿ ತೆರೆ ಎಂದು ಒಂದೆರಡು ಸಲ ತೆರೆಸಿಯೂ ನೋಡಿದರು. ಹನ್ನೊಂದು ಗಂಟೆಗೆ ನನಗೆ ತಲೆ ಹಗುರಾಗಿ ಕಣ್ಣು ಮಂಜಾಗುತ್ತಿತ್ತು. ಮಾತ್ರೆಯಿಲ್ಲದೆಯೇ ಹೀಗಾದರೆ ಅವರಿಗೆ ಹೇಗಾಗಿರಬಹುದು ಎಂದು ಅಮ್ಮಮ್ಮನ ಮಂಚದ ಕಡೆ ನೋಡುತ್ತಿದ್ದೆ. ಒಂದು ತುತ್ತು ಕದ್ದು ತಿಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಿನ್ನಲು ಹೆದರಿಕೆಯಾಯಿತು. ಪಥ್ಯ ಸುಳ್ಳು ಎಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ನನಗೇ, ನಾನು ಮುರಿದರೆ ಅಮ್ಮಮ್ಮನ ಕಾಲು ಹೋಗುತ್ತದೆ ಎಂದು ಹೆದರಿಕೆಯಾಯಿತು.

ಕಿರುಬೆರಳು ಉಳಿಯಲಿಲ್ಲ. ಡಾಕ್ಟರು ತೀರ್ಥಹಳ್ಳಿಗೆ ಕರೆದೊಯ್ದು ತೆಗೆದರು. ಅಮ್ಮಮ್ಮ ವಾಪಸು ಬಂದಾಗ ಆ ಜಾಗವನ್ನು ದಿನವೂ ತೊಳೆದು ಕಟ್ಟುವ ಕೆಲಸವನ್ನು ದೊಡ್ಡ ಸಿಸ್ಟರ್ ನನಗೇ ಕೊಟ್ಟರು. ಅಷ್ಟೇ ಹೋದದ್ದು, ಪಾದ ಉಳಿಯಿತು. ಮಂಡಲ ಮುಗಿಯುವ ಹೊತ್ತಿಗೆ ಗಾಯ ಒಣಗಿತ್ತು. ಅಮ್ಮಮ್ಮ ಗೋಡೆ ಹಿಡಿದು ಬಾಗಿಲ ತನಕ ನಡೆದು ಹೋಗಿ, ಅಲ್ಲಿಂದ ಭಟ್ಟರ ಅಡುಗೆಗೆ ಹೆಸರಿಡುತ್ತಿದ್ದರು. ನಲವತ್ತೆಂಟನೇ ದಿನ ಅವರೇ ಬದನೆಕಾಯಿ ಪಲ್ಯ ಮಾಡಿಸಿ, ಎದುರು ಕೂರಿಸಿಕೊಂಡು ನನಗೆ ಬಡಿಸಿದರು.

ಆ ಸಂಜೆ ದೊಡ್ಡ ಸಿಸ್ಟರ್ ಸ್ನಾನಕ್ಕೆ ಹೋಗಿದ್ದರು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅಮ್ಮಮ್ಮನ ಪುಟದ ಎದುರಿನ ಪುಟದಲ್ಲಿ ನನ್ನ ಹೆಸರಿತ್ತು. ಅಷ್ಟು ದಿನವೂ ಅವರು ನನ್ನನ್ನೂ ಬರೆದಿದ್ದರು. ಹನ್ನೊಂದು ಗಂಟೆಗೆ ಕಂಬ ಹಿಡಿದು ನಿಂತಳು. ಭಟ್ಟರ ಮೇಲೆ ರೇಗಿದಳು. ತಟ್ಟೆ ಖಾಲಿಯಾದದ್ದನ್ನು ನಿಂತು ನೋಡಿ ಆಮೇಲೆ ಬರೆದಳು. ಮಾತ್ರೆಯನ್ನು ಎರಡು ಸಲ ಎಣಿಸಿದಳು. ಮೂರು ಸಲ ಎಣಿಸಿದಳು. ಕೊನೆಯ ಸಾಲಿನ ಶಾಯಿ ಇನ್ನೂ ಹಸಿಯಾಗಿತ್ತು. ನಿಂತಲ್ಲೇ ಓದಿದೆ.

‘ತೂಕ ಐದು ಪೌಂಡು ಇಳಿದಿದೆ. ಊಟ ಸರಿಯಾದರೆ ಬರುತ್ತದೆ. ಹೆದರಿಕೆ ಹತ್ತಿದೆ. ಇದಕ್ಕೆ ಔಷಧ ಕೊಡಬಾರದು.’